ಲೈನ್ ಮನೆಯಲ್ಲಿ ಎರಡನೇ ಸಲ ಮಲೇರಿಯಾ: ಮಾತ್ರೆ ಸೋತಿತೋ, ಸೊಳ್ಳೆ ನಮ್ಮದೋ?

ರೋಬಸ್ಟಾ_ತೋಟ (ಮೇ 11, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ತೋಟ. ಕೆಲಸದವರ ಲೈನ್ ಮನೆಯಲ್ಲಿ ಮೂರು ಸಂಸಾರ ಇವೆ. ಎರಡು ಅಸ್ಸಾಮಿನವರದು, ಒಂದು ಪಿರಿಯಾಪಟ್ಟಣ ಕಡೆಯವರದು. ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಅಸ್ಸಾಮಿನ ಹುಡುಗನೊಬ್ಬನಿಗೆ ಜ್ವರ ಬಂತು. ಮಧ್ಯಾಹ್ನ ಆಗ್ತಿದ್ದ ಹಾಗೆ ಚಳಿ, ಹಲ್ಲು ಕಟಕಟ ಅನ್ನೋ ನಡುಕ, ಎರಡು ಕಂಬಳಿ ಹೊದಿಸಿದ್ರೂ ಸಾಲದು. ಆಮೇಲೆ ಮೈ ಕಾದು ಕೆಂಡ. ಸಂಜೆಗೆ ಬೆವತು ಎದ್ದು ಕೂತು ಅನ್ನ ಕೇಳ್ತಿದ್ದ. ಮಾರನೇ ದಿನ ಏನೂ ಇಲ್ಲ, ಅದರ ಮಾರನೇ ದಿನ ಮತ್ತೆ ಶುರು. ರಕ್ತ ಪರೀಕ್ಷೆ ಮಾಡಿಸಿದ್ರೆ ಮಲೇರಿಯಾ, ಅದರಲ್ಲಿ ವೈವಾಕ್ಸ್ ಅನ್ನೋ ಜಾತಿ ಅಂತ ಬರೆದುಕೊಟ್ರು. ಮಾತ್ರೆ ನುಂಗಿದ, ವಾರ ಕಳೆಯೋದ್ರೊಳಗೆ ಚೀಲ ಕಟ್ಟಿಕೊಂಡು ಕೊಯ್ಲಿಗೆ ಇಳಿದ. ನಾನೂ ಮರೆತುಬಿಟ್ಟೆ.

ಮೊನ್ನೆ ಮತ್ತೆ ಅದೇ ಚಳಿ. ಇವತ್ತು ಪರೀಕ್ಷೆಯಲ್ಲಿ ಮತ್ತೆ ವೈವಾಕ್ಸ್. ಈ ನಡುವೆ ಅವನು ಊರಿಗೆ ಹೋಗಿಲ್ಲ, ಕುಶಾಲನಗರದ ಆಚೆಗೂ ದಾಟಿಲ್ಲ. ಹಾಗಾದ್ರೆ ನಮ್ಮ ತೋಟದ ಸೊಳ್ಳೆಯೇ ಕಚ್ಚಿತಾ? ಇಲ್ಲಾ ಮಾತ್ರೆಯೇ ಡೂಪ್ಲಿಕೇಟಾ? ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ವಯಸ್ಸಾದ ಅಮ್ಮ ಇದ್ದಾರೆ. ಕೊಡಗಲ್ಲಿ ಮಲೇರಿಯಾ ಅಂದ್ರೆ ಅಜ್ಜನ ಕಾಲದ ಮಾತು ಅಂದ್ಕೊಂಡಿದ್ದೆ. ಗೊತ್ತಿರೋರು ಹೇಳಿ.

ಸ್ಲೈಡ್_ಅಕ್ಕ (ಮೇ 11, ರಾತ್ರಿ 9.32)

ಜನವರಿಯಲ್ಲಿ ಕೊಟ್ಟ ಮಾತ್ರೆ ಒಂದೇ ಥರದ್ದಾ, ಎರಡು ಥರದ್ದಾ? ಎಷ್ಟು ದಿನಕ್ಕೆ ಬರೆದಿದ್ರು? ಚೀಟಿ ಇದ್ರೆ ನೋಡಿ ಹೇಳಿ. ಅವನು ನುಂಗಿದ್ದೆಷ್ಟು ಅಂತ ಅವನನ್ನೇ ಕೇಳಿ.

ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್ (ಮೇ 11, ರಾತ್ರಿ 9.40)

ಹೊರಗಿನವರನ್ನ ಲೈನ್ ತುಂಬಾ ತುಂಬಿಸ್ಕೊಂಡ್ರೆ ಇದೇ ಗತಿ. ನಮ್ಮಲ್ಲಿ ಇಲ್ಲದ ರೋಗ ಎಲ್ಲಾ ಬರ್ತಿದೆ.

ರೋಬಸ್ಟಾ_ತೋಟ (ಮೇ 11, ರಾತ್ರಿ 10.05)

@ಸ್ಲೈಡ್_ಅಕ್ಕ, ಟಾರ್ಚ್ ಹಿಡ್ಕೊಂಡು ಲೈನ್‌ಗೆ ಹೋಗಿ ಬಂದೆ ಮೇಡಂ. ಎರಡು ಥರ. ಒಂದು ಕಹಿ ಮಾತ್ರೆ, ಮೂರು ದಿನಕ್ಕೆ. ಇನ್ನೊಂದು ಚಿಕ್ಕದು, ಹದಿನಾಲ್ಕು ದಿನಕ್ಕೆ ಅಂತ ಬರೆದಿದೆ. ಅವನ ಪೆಟ್ಟಿಗೆಯಲ್ಲಿ ಆ ಚಿಕ್ಕ ಮಾತ್ರೆಯ ಪಟ್ಟಿ ಸಿಕ್ತು. ಒಂಬತ್ತು ಮಾತ್ರೆ ಹಾಗೇ ಇದೆ! ಜ್ವರ ಬಿಟ್ಟಿತ್ತು, ಹೊಟ್ಟೆ ಉರೀತಿತ್ತು, ಅದಕ್ಕೆ ಬಿಟ್ಟೆ ಅಂತಾನೆ.

ಸ್ಲೈಡ್_ಅಕ್ಕ (ಮೇ 11, ರಾತ್ರಿ 10.50)

ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಆ ಪೆಟ್ಟಿಗೆಯಲ್ಲೇ ಇತ್ತು ನೋಡಿ. ನಾನು ಲ್ಯಾಬ್ ಟೆಕ್ನಿಷಿಯನ್, ಡಾಕ್ಟರಲ್ಲ. ಹತ್ತೊಂಬತ್ತು ವರ್ಷದಿಂದ ಗಾಜಿನ ಮೇಲೆ ರಕ್ತ ಹಚ್ಚಿದ ಸ್ಲೈಡ್ ನೋಡ್ತಿದ್ದೀನಿ, ಅಷ್ಟೇ. ಗೊತ್ತಿದ್ದಷ್ಟು ಹೇಳ್ತೀನಿ.

ಸೊಳ್ಳೆ ಕಚ್ಚಿದಾಗ ಅದರ ಎಂಜಲಿನ ಜೊತೆ ಮಲೇರಿಯಾ ಪರೋಪಜೀವಿ ಮೈಯೊಳಗೆ ಹೋಗುತ್ತೆ. ಅದು ನೇರ ರಕ್ತಕ್ಕೆ ಬೀಳಲ್ಲ, ಮೊದಲು ಲಿವರ್‌ಗೆ ಹೋಗಿ ಸೇರಿಕೊಳ್ಳುತ್ತೆ. ಅಲ್ಲಿ ಸಾವಿರಾರು ಮರಿ ಆಗಿ ರಕ್ತಕ್ಕೆ ಇಳಿದು ಕೆಂಪು ಕಣಗಳನ್ನ ಒಡೀತಾ ಹೋಗುತ್ತೆ. 48 ಗಂಟೆಗೊಮ್ಮೆ ಕಣಗಳು ಒಟ್ಟಿಗೆ ಒಡೆಯೋದ್ರಿಂದಲೇ ದಿನ ಬಿಟ್ಟು ದಿನ ಚಳಿ. ಇಷ್ಟು ಎಲ್ಲರಿಗೂ ಗೊತ್ತಿರೋದೇ.

ವೈವಾಕ್ಸ್‌ದು ಇನ್ನೊಂದು ಕುತಂತ್ರ ಇದೆ. ಲಿವರ್‌ಗೆ ಹೋದ ಪರೋಪಜೀವಿಗಳಲ್ಲಿ ಕೆಲವು ಬೆಳೆಯೋದೇ ಇಲ್ಲ, ಅಲ್ಲೇ ಮುದುಡಿಕೊಂಡು ಮಲಗಿಬಿಡುತ್ತವೆ. ಅವಕ್ಕೆ ಹಿಪ್ನೋಜೋಯಿಟ್ ಅಂತ ಹೆಸರು. ವಾರ ಆಗಬಹುದು, ಎಂಟೊಂಬತ್ತು ತಿಂಗಳೂ ಆಗಬಹುದು, ಒಂದು ದಿನ ಎದ್ದು ರಕ್ತಕ್ಕೆ ಬರುತ್ತವೆ. ಸೊಳ್ಳೆ ಕಚ್ಚಬೇಕಾಗಿಯೇ ಇಲ್ಲ. ಆ ಮೂರು ದಿನದ ಕಹಿ ಮಾತ್ರೆ ಕ್ಲೋರೋಕ್ವಿನ್. ರಕ್ತದಲ್ಲಿರೋದನ್ನ ಅದು ಸಾಯಿಸುತ್ತೆ, ಲಿವರ್‌ನಲ್ಲಿ ಮಲಗಿರೋದನ್ನ ಮುಟ್ಟೋದೂ ಇಲ್ಲ. ಮಲಗಿರೋದಕ್ಕೆ ಪ್ರೈಮಾಕ್ವಿನ್ ಬೇಕು, ನಿಮ್ಮ ಹುಡುಗ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಾನಲ್ಲ, ಅದೇ. ಬರೀ ಹೊಟ್ಟೆಯಲ್ಲಿ ನುಂಗಿದ್ರೆ ಹೊಟ್ಟೆ ಉರಿಯೋದು ನಿಜ. ಊಟ ಆದ ಮೇಲೆ ನುಂಗು ಅಂತ ಯಾರೂ ಅವನ ಭಾಷೆಯಲ್ಲಿ ಹೇಳಿರಲ್ಲ.

ಹಾಗಂತ ಇದು ಹಳೇದೇ ಮರುಕಳಿಸಿದ್ದು ಅಂತ ನೂರಕ್ಕೆ ನೂರು ಹೇಳಕ್ಕಾಗಲ್ಲ. ಹೊಸದಾಗಿ ಸೊಳ್ಳೆ ಕಚ್ಚಿದ್ದರೂ ಸ್ಲೈಡಲ್ಲಿ ಹೀಗೇ ಕಾಣುತ್ತೆ. ಅದಕ್ಕೆ ನಾಳೆ ಬೆಳಿಗ್ಗೆಯೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಲೈನ್‌ನಲ್ಲಿರೋ ಎಲ್ಲರ ರಕ್ತ ತೆಗೀಲಿ, ಜ್ವರ ಇಲ್ಲದವರದ್ದೂ. ಪಿರಿಯಾಪಟ್ಟಣದವರಲ್ಲಿ ಯಾರಿಗಾದ್ರೂ ಬಂದಿದ್ರೆ ಆಗ ನಿಮ್ಮ ತೋಟದ ಸೊಳ್ಳೆಯ ಬಗ್ಗೆ ತಲೆಕೆಡಿಸಿಕೊಳ್ಳೋಣ.

ಆ ಉಳಿದ ಒಂಬತ್ತು ಮಾತ್ರೆಯನ್ನ ಮಾತ್ರ ಈಗ ನುಂಗಿಸಬೇಡಿ. ಡಾಕ್ಟರ್ ಮೊದಲಿಂದ ಲೆಕ್ಕ ಹಾಕಿ ಕೊಡಲಿ.

ಹಳೇ_ರೈಟರ್ (ಮೇ 12, ಬೆಳಿಗ್ಗೆ 5.45)

ಗೋಣಿಕೊಪ್ಪದ ತಮ್ಮನಿಗೆ ಒಂದು ಮಾತು. ನಮ್ಮಲ್ಲಿ ಇಲ್ಲದ ರೋಗ ಅಂದೆಯಲ್ಲ, ನನಗೆ ನಗು ಬಂತು.

ನಮ್ಮ ತಂದೆ ಪಾಲಿಬೆಟ್ಟದ ಕಡೆ ಒಂದು ತೋಟದಲ್ಲಿ ರೈಟರ್ (ಗುಮಾಸ್ತ) ಆಗಿದ್ದರು. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ, ಅಂದರೆ 1956ಕ್ಕೆ ಮೊದಲು. ಅವರ ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಹೆಸರುಗಳ ಮುಂದೆ ಬರೀ 'ಜ್ವ' 'ಜ್ವ' ಎಂದೇ ಇರುತ್ತಿತ್ತಂತೆ. ಜ್ವರ ಎಂದು ಪೂರ್ತಿ ಬರೆಯಲೂ ಪುರುಸೊತ್ತಿಲ್ಲ. ಹಾಸನ, ಮೈಸೂರು ಕಡೆಯಿಂದ ಕೊಯ್ಲಿಗೆ ಬಂದವರು ಕಾಫಿ ಹೂ ಅರಳಿಸುವ ಹೂಮಳೆ ಬೀಳುವಷ್ಟರಲ್ಲಿ ಗಂಟು ಕಟ್ಟಿ ಊರಿಗೆ ಹೊರಡುತ್ತಿದ್ದರು, ಮಲೆಜ್ವರ ಹಿಡಿಯುತ್ತದೆಂಬ ಭಯಕ್ಕೆ. ಹೊರಟರೂ ಕೆಲವರು ಜ್ವರವನ್ನು ಜೊತೆಗೇ ಒಯ್ಯುತ್ತಿದ್ದರು. ಬಯಲುಸೀಮೆಯ ತಾಯಂದಿರು ಮಗಳನ್ನು ಕೊಡಗಿನ ಕಡೆ ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಆಗ ಹೊರಗಿನವರ ಕಣ್ಣಿಗೆ ರೋಗದ ಊರು ನಮ್ಮದಾಗಿತ್ತು.

ಮಕ್ಕಳ ಹೊಟ್ಟೆ ಎಡಗಡೆ ಗಟ್ಟಿಯಾಗಿ ಉಬ್ಬಿರುತ್ತಿತ್ತು, ಜ್ವರಗಡ್ಡೆ ಎನ್ನುತ್ತಿದ್ದರು. ಅದು ಗುಲ್ಮ ಊದಿಕೊಂಡದ್ದು. ಸರ್ಕಾರದ ಡಾಕ್ಟರು ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಒತ್ತಿ ನೋಡುತ್ತಿದ್ದರಂತೆ. ಮದ್ದು ಎಂದರೆ ಕ್ವಿನೈನ್ ಮಿಕ್ಸ್ಚರ್. ಕುಡಿದರೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಆ ಕ್ವಿನೈನ್ ಕೂಡ ಪಕ್ಕದ ನೀಲಗಿರಿಯದು. 1860ರ ಹೊತ್ತಿಗೆ ಕ್ಲೆಮೆಂಟ್ಸ್ ಮಾರ್ಕಮ್ ಎಂಬಾತ ದಕ್ಷಿಣ ಅಮೆರಿಕದಿಂದ ಸಿಂಕೋನಾ ಗಿಡ ತರಿಸಿದ. ಊಟಿ ದಾರಿಯ ನಡುವಟ್ಟಂನಲ್ಲಿ ಅದರ ತೊಗಟೆಯಿಂದ ಕ್ವಿನೈನ್ ತೆಗೆಯುವ ಕಾರ್ಖಾನೆಯೇ ಇತ್ತು.

ಆಮೇಲೆ ಬಂತು ಸೊಳ್ಳೆ ಕೊಲ್ಲುವ ಡಿಡಿಟಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದೇ ನಿರ್ಮೂಲನೆಯ ಕಾರ್ಯಕ್ರಮವಾಯಿತು. ಇದು ನನಗೇ ನೆನಪಿದೆ. ಖಾಕಿ ಚಡ್ಡಿಯವರು ಪಂಪು ಹೊತ್ತು ಬರುತ್ತಿದ್ದರು. ಪಾತ್ರೆ ಪಡಗ, ಹಾಸಿಗೆ ಎಲ್ಲಾ ಅಂಗಳಕ್ಕೆ. ಗೋಡೆ ತುಂಬ ಬಿಳಿ ಬಿಳಿ. ಹೋಗುವಾಗ ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದರು. ಅಜ್ಜಿಗೆ ಸಿಟ್ಟು, ಆಗಷ್ಟೇ ಸುಣ್ಣ ಬಳಿದ ಗೋಡೆ! ಆದರೆ ಒಂದೆರಡು ವರ್ಷದಲ್ಲಿ ಚೆಕ್‌ರೋಲಿನಿಂದ 'ಜ್ವ' ಮಾಯವಾಯಿತು. ಇದನ್ನು ಅಪ್ಪ ಸಾಯುವ ತನಕ ಹೇಳುತ್ತಿದ್ದರು.

ಕಾವೇರಿ_ಕುಡಿ (ಮೇ 12, ಬೆಳಿಗ್ಗೆ 8.20)

ರೈಟರ್ ಅಂಕಲ್, ನಿಮ್ಮ ಪೋಸ್ಟ್ ಓದಿ ಕಾಫಿ ಆರಿಹೋಯ್ತು. ನಾನು ಕೀಟಶಾಸ್ತ್ರ ಓದಿದವಳು (ಕಾಫಿ ಕಾಂಡಕೊರಕದ ಮೇಲೆ ಕೆಲಸ, ಸೊಳ್ಳೆ ಮೇಲಲ್ಲ, ಆದರೂ ಕ್ಲಾಸಲ್ಲಿ ಕಲಿತದ್ದು ಇದೆ). ಮಾರ್ಚ್‌ನಿಂದ ಮಳೆ ಹಿಡಿಯೋ ತನಕ ಅಂದ್ರಲ್ಲ, ಅದಕ್ಕೆ ಕಾರಣ ಇದೆ.

ನಮ್ಮ ಬೆಟ್ಟದ ಕಡೆ ಮಲೇರಿಯಾ ಹರಡ್ತಿದ್ದದ್ದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಅನ್ನೋ ಸೊಳ್ಳೆ. ಆ ಲ್ಯಾಟಿನ್ ಹೆಸರಲ್ಲೇ ಹೊಳೆ ಇದೆ. ಕೊಳಚೆ ನೀರು ಅದಕ್ಕೆ ಆಗದು. ಸಣ್ಣಗೆ ಹರಿಯೋ ತೋಡು, ಗದ್ದೆಯ ಕಾಲುವೆ, ಅಂಚಲ್ಲಿ ಹುಲ್ಲಿರೋ ತಿಳಿನೀರು ಬೇಕು. ಬೇಸಿಗೆಯಲ್ಲಿ ತೋಡುಗಳು ಬತ್ತಿ ನಿಧಾನ ಆದಾಗ ಮೊಟ್ಟೆ ಇಡೋದು. ಜೂನ್‌ನಲ್ಲಿ ನಮ್ಮ ಮಳೆ ಬಂದ್ರೆ ಮರಿಗಳೆಲ್ಲ ಕೊಚ್ಚಿಕೊಂಡು ಹೋಗ್ತವೆ. ಬೇರೆ ಕಡೆ ಮಳೆಗಾಲ ಅಂದ್ರೆ ಮಲೇರಿಯಾ, ನಮ್ಮಲ್ಲಿ ಮಳೆಯೇ ಅದನ್ನ ತೊಳೀತಿತ್ತು.

ಡಿಡಿಟಿ ಇಲ್ಲಿ ಅಷ್ಟು ಚೆನ್ನಾಗಿ ಹತ್ತಿದ್ದೂ ಆ ಸೊಳ್ಳೆಯ ಅಭ್ಯಾಸದಿಂದಲೇ. ಮನುಷ್ಯರ ರಕ್ತ ಕುಡಿದು ಅದೇ ಮನೆ ಗೋಡೆ ಮೇಲೆ ಕೂತು ಅರಗಿಸಿಕೊಳ್ತಿತ್ತು, ಗೋಡೆಯಲ್ಲೇ ವಿಷ. ಬಯಲಿನ ಕ್ಯೂಲಿಸಿಫೇಸೀಸ್ ಸೊಳ್ಳೆ ಹಾಗಲ್ಲ, ಅದಕ್ಕೆ ದನದ ಕೊಟ್ಟಿಗೆ ಇಷ್ಟ, ಡಿಡಿಟಿಯನ್ನೂ ಬೇಗ ಜಯಿಸಿಕೊಂಡಿತು. ಇನ್ನೊಂದು ಮಜಾ ಏನಂದ್ರೆ, ಫ್ಲೂವಿಯಾಟಿಲಿಸ್ ಅನ್ನೋದು ಒಂದು ಸೊಳ್ಳೆ ಅಲ್ವಂತೆ. ನೋಡೋಕೆ ಒಂದೇ ಥರ ಇರೋ ಎಸ್, ಟಿ, ಯು ಅಂತ ಮೂರು ಬಗೆ. ಎಸ್ ಮನುಷ್ಯರ ಬೆನ್ನು ಹತ್ತುತ್ತೆ, ಟಿ ಮತ್ತು ಯು ಹೆಚ್ಚಾಗಿ ದನದ ಬೆನ್ನು. ಬರಿಗಣ್ಣಿಗೆ ಬಿಡಿ, ಸೂಕ್ಷ್ಮದರ್ಶಕದಲ್ಲಿ ರೆಕ್ಕೆ ನೋಡಿದ್ರೂ ಬೇರೆ ಮಾಡೋಕಾಗಲ್ಲ.

ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್ (ಮೇ 12, ಬೆಳಿಗ್ಗೆ 9.02)

ಆಯ್ತು ಅಂಕಲ್, ಒಪ್ಪಿದೆ. ಆದ್ರೆ ಅಷ್ಟು ಚೆನ್ನಾಗಿ ಹೋಗಿದ್ರೆ ಡಿಡಿಟಿ ಯಾಕೆ ಬಿಟ್ರು? ಈಗಲೂ ಹೊಡೆದು ಮುಗಿಸಬಹುದಿತ್ತಲ್ಲ.

ಹಳೇ_ರೈಟರ್ (ಮೇ 12, ಬೆಳಿಗ್ಗೆ 10.15)

ಮುಗಿಯಿತೆಂದು ಕೈತೊಳೆದುಕೊಂಡರು, ಅಲ್ಲೇ ಎಡವಿದ್ದು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಜ್ವರ, ಎಂಟು ಲಕ್ಷ ಸಾವು ಎಂದು ಅಂದಾಜು. 1965ಕ್ಕೆ ಅದು ಸುಮಾರು ಒಂದು ಲಕ್ಷ ಪ್ರಕರಣಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷ. ಶ್ರೀಲಂಕಾದ್ದು ಇನ್ನೂ ಘೋರ. 1963ರಲ್ಲಿ ಇಡೀ ದೇಶಕ್ಕೆ ಹದಿನೇಳೇ ಪ್ರಕರಣ. ಗೆದ್ದೆವೆಂದು ಸಿಂಪಡಣೆ ನಿಲ್ಲಿಸಿದರು. 1968-69ರಲ್ಲಿ ಐದು ಲಕ್ಷ ದಾಟಿತು. ಅವರು ಮತ್ತೆ ಮೊದಲಿಂದ ಹತ್ತಿ 2016ರಲ್ಲಿ ಮಲೇರಿಯಾ ಮುಕ್ತ ಎಂಬ ಪ್ರಮಾಣಪತ್ರ ಪಡೆದರು. ನಾವಿನ್ನೂ 2030ರ ಗುರಿ ಇಟ್ಟುಕೊಂಡು ನಡೆಯುತ್ತಿದ್ದೇವೆ.

ಪುಣೆಯಲ್ಲಿ_ಕೊಡಗಿನವ (ಮೇ 12, ಮಧ್ಯಾಹ್ನ 1.30)

ಇಷ್ಟೆಲ್ಲಾ ಯಾಕೆ, ಮಲೇರಿಯಾಕ್ಕೆ ಲಸಿಕೆ ಬಂದಿದೆಯಲ್ಲ? ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲೇ ಮಾಡ್ತಾರೆ. ಲೈನ್‌ನವರಿಗೆಲ್ಲ ಒಂದೊಂದು ಹಾಕಿಸಿದ್ರೆ ಆಯ್ತಪ್ಪ.

ಸ್ಲೈಡ್_ಅಕ್ಕ (ಮೇ 12, ಮಧ್ಯಾಹ್ನ 2.45)

ಹಾಕಿಸೋಕೆ ಸಿಗಬೇಕಲ್ಲ! ಸಿಕ್ಕಿದ್ರೂ ಈ ಹುಡುಗನಿಗೆ ಅದರಿಂದ ಉಪಯೋಗ ಇಲ್ಲ.

ನೀವು ಹೇಳ್ತಿರೋದು ಆರ್21. ಆಕ್ಸ್‌ಫರ್ಡ್‌ನವರು ಕಂಡುಹಿಡಿದಿದ್ದು, ತಯಾರಿ ಪುಣೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿತು. ಅದಕ್ಕೆ ಎರಡು ವರ್ಷ ಮುಂಚೆ ಆರ್‌ಟಿಎಸ್,ಎಸ್ ಅನ್ನೋದನ್ನ ಒಪ್ಪಿತ್ತು. ಎರಡೂ ಫಾಲ್ಸಿಪ್ಯಾರಂ ಮಲೇರಿಯಾಕ್ಕೆ ಮಾತ್ರ, ಮಿದುಳಿಗೆ ಏರಿ ಜೀವ ತೆಗೆಯೋ ಜಾತಿಗೆ. ಐದು ತಿಂಗಳ ಮೇಲಿನ ಪುಟ್ಟ ಮಕ್ಕಳಿಗೆ ನಾಲ್ಕು ಸಲ ಚುಚ್ಚಬೇಕು. ಕೊಡ್ತಿರೋದು ಆಫ್ರಿಕಾದಲ್ಲಿ, ಯಾಕಂದ್ರೆ ಜಗತ್ತಿನಲ್ಲಿ ಮಲೇರಿಯಾದಿಂದ ಸಾಯೋರಲ್ಲಿ ಹೆಚ್ಚಿನವರು ಅಲ್ಲಿನ ಐದು ವರ್ಷದೊಳಗಿನ ಮಕ್ಕಳು. 2023ರಲ್ಲಿ ಒಟ್ಟು ಸುಮಾರು ಆರು ಲಕ್ಷ ಸಾವು ಅಂತ ಲೆಕ್ಕ. ಅಲ್ಲಿ ಕೆಲವು ಮಕ್ಕಳು ಉಳಿದ್ರೂ ಅದು ದೊಡ್ಡದೇ. ವೈವಾಕ್ಸ್‌ಗೆ ಬಳಕೆಗೆ ಬಂದ ಲಸಿಕೆ ಒಂದೂ ಇಲ್ಲ.

ಲಸಿಕೆ ಮಾಡೋದು ಯಾಕೆ ಇಷ್ಟು ಕಷ್ಟ ಆಯ್ತು ಅಂದ್ರೆ, ಈ ಪರೋಪಜೀವಿ ವೈರಸ್ ಥರ ಅಲ್ಲ. ಲಿವರ್‌ಗೆ ಬರುವಾಗ ಒಂದು ವೇಷ, ರಕ್ತದಲ್ಲಿ ಇನ್ನೊಂದು, ಸೊಳ್ಳೆ ಹೊಟ್ಟೆಗೆ ಹೋಗೋವಾಗ ಮತ್ತೊಂದು. ಆರ್21 ಲಿವರ್ ತಲುಪೋ ಮೊದಲಿನ ವೇಷವನ್ನ ಹಿಡಿಯುತ್ತೆ. ಕಚ್ಚಿದ ಮೇಲೆ ಲಿವರ್ ತಲುಪೋಕೆ ಅದಕ್ಕೆ ಅರ್ಧ ಗಂಟೆಯೂ ಸಾಕು, ನಮ್ಮ ಮೈಯ ಕಾವಲಿಗೆ ಇರೋ ಸಮಯ ಅಷ್ಟೇ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದೇ ಐಸಿಎಂಆರ್‌ನವರೂ ಆಡ್‌ಫಾಲ್ಸಿವ್ಯಾಕ್ಸ್ ಅಂತ ಒಂದನ್ನ ತಯಾರು ಮಾಡಿದ್ದಾರೆ, ಲಿವರ್‌ಗೆ ಮೊದಲಿನ ಹಂತವನ್ನೂ ಸೊಳ್ಳೆಗೆ ದಾಟೋ ಹಂತವನ್ನೂ ಒಟ್ಟಿಗೆ ಹಿಡಿಯೋ ಲೆಕ್ಕಾಚಾರದಲ್ಲಿ. ಅದೂ ಫಾಲ್ಸಿಪ್ಯಾರಂಗೇ.

ಮದ್ದುಸೊಪ್ಪು_ಪಾಯಸ (ಮೇ 12, ಸಂಜೆ 6.10)

ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದ್ರೆ ವರ್ಷ ಪೂರ್ತಿ ಯಾವ ಜ್ವರವೂ ಬರಲ್ಲ ಅಂತ ನಮ್ಮಜ್ಜಿ. ಹದಿನೆಂಟು ಥರದ ಮದ್ದು ಇರುತ್ತಂತೆ ಅದರಲ್ಲಿ. ಲೈನ್‌ನವರಿಗೂ ಒಂದು ಬಟ್ಟಲು ಕೊಡಿ ರೋಬಸ್ಟಾ ಅಣ್ಣ. 😄

ಕಾವೇರಿ_ಕುಡಿ (ಮೇ 12, ಸಂಜೆ 6.40)

ಪಾಯಸ ಕೊಡಿ, ಮಾತ್ರೆಯನ್ನೂ ಕೊಡಿ. ನಗೋ ವಿಷಯ ಅಲ್ಲ, ಸೊಪ್ಪಿನಿಂದಲೇ ಮಲೇರಿಯಾ ಮದ್ದು ಬಂದ ಕತೆ ಇದೆ. ಚೀನಾದಲ್ಲಿ 1967ರ ಮೇ 23ಕ್ಕೆ ಶುರುವಾದ ಗುಟ್ಟಿನ ಯೋಜನೆ, ತಾರೀಕಿನಿಂದಲೇ ಅದಕ್ಕೆ 523 ಅಂತ ಹೆಸರು. ತು ಯೂಯೂ ಅನ್ನೋ ವಿಜ್ಞಾನಿ ಹಳೇ ವೈದ್ಯಗ್ರಂಥಗಳನ್ನ ಜಾಲಾಡಿ ಚಿಂಗ್‌ಹಾವ್ ಅನ್ನೋ ಗಿಡ ಹಿಡಿದ್ರು. ಕಷಾಯ ಕಾಯಿಸಿದ್ರೆ ಗುಣ ಇಲ್ಲ. ಸಾವಿರದಾರುನೂರು ವರ್ಷದ ಹಿಂದೆ ಗೆ ಹಾಂಗ್ ಎಂಬಾತ ಬರೆದಿಟ್ಟ ಮಾತು ಕಣ್ಣಿಗೆ ಬಿತ್ತು: ಸೊಪ್ಪನ್ನ ನೀರಲ್ಲಿ ನೆನೆಸಿ, ಹಿಂಡಿ ರಸ ಕುಡಿ ಅಂತ. ಅಂದ್ರೆ ಕುದಿಸಬಾರದು. ಬಿಸಿಗೆ ಸತ್ವ ಹೋಗ್ತಿತ್ತು. ಕಡಿಮೆ ಶಾಖದಲ್ಲೇ ಆವಿಯಾಗೋ ಈಥರ್ ಬಳಸಿ ತೆಗೆದ್ರು, ಆರ್ಟೆಮಿಸಿನಿನ್ ಸಿಕ್ತು. 2015ರಲ್ಲಿ ನೊಬೆಲ್. ಮದ್ದುಸೊಪ್ಪನ್ನೂ ಯಾರಾದ್ರೂ ಹಾಗೆ ಕೂತು ಸೋಸಿ, ರೋಗಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಲಿ, ಅಲ್ಲಿಯವರೆಗೆ ಅದು ಹಬ್ಬದ ಪಾಯಸ. ನೇರಳೆ ಬಣ್ಣ ಮಾತ್ರ ಸೂಪರ್.

ಸ್ಲೈಡ್_ಅಕ್ಕ (ಮೇ 12, ಸಂಜೆ 7.15)

ಆ ಆರ್ಟೆಮಿಸಿನಿನ್ ವಿಷಯಕ್ಕೆ ಒಂದು ಮಾತು ಸೇರಿಸ್ತೀನಿ, ತೋಟದವರಿಗೆ ಬೇಕಾದ್ದು. ಲೈನ್‌ನಲ್ಲಿ ಯಾರಿಗಾದ್ರೂ ಫಾಲ್ಸಿಪ್ಯಾರಂ ಅಂತ ಬಂದ್ರೆ, ಅವರು ಎಲ್ಲಿಂದ ಬಂದ್ರು ಅಂತ ಡಾಕ್ಟರಿಗೆ ಹೇಳಲೇಬೇಕು. ಕ್ಲೋರೋಕ್ವಿನ್‌ಗೆ ಜಗ್ಗದ ಫಾಲ್ಸಿಪ್ಯಾರಂ ಭಾರತದಲ್ಲಿ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ. ಅದಕ್ಕೆ ಈಗ ಆರ್ಟೆಮಿಸಿನಿನ್ ಗುಂಪಿನ ಮದ್ದನ್ನ ಇನ್ನೊಂದು ಮದ್ದಿನ ಜೊತೆ ಸೇರಿಸಿ ಕೊಡ್ತಾರೆ, ಒಂಟಿಯಾಗಿ ಕೊಡೋ ಹಾಗಿಲ್ಲ. ಈಶಾನ್ಯ ರಾಜ್ಯಗಳಿಗೆ ಒಂದು ಜೋಡಿ, ಉಳಿದ ಕಡೆಗೆ ಇನ್ನೊಂದು. ಉಳಿದ ಕಡೆ ಕೊಡೋ ಜೋಡಿಯ ಎರಡನೇ ಮದ್ದಿಗೂ ಈಶಾನ್ಯದಲ್ಲಿ ಪರೋಪಜೀವಿ ಒಗ್ಗಿಬಿಟ್ಟಿತ್ತು. ಕಾಂಬೋಡಿಯಾ ಕಡೆ ಆರ್ಟೆಮಿಸಿನಿನ್ನೇ ನಿಧಾನವಾಗಿ ಕೆಲಸ ಮಾಡೋದು ಕಂಡು ಹದಿನೈದು ವರ್ಷದ ಮೇಲಾಯ್ತು. ಈಗ ರುವಾಂಡಾ, ಉಗಾಂಡಾದಲ್ಲೂ ಕಾಣ್ತಿದೆ. ಮೆಡಿಕಲ್ ಶಾಪಿಗೆ ಹೋಗಿ "ಮಲೇರಿಯಾಕ್ಕೆ ಏನಾದ್ರೂ ಕೊಡಿ" ಅನ್ನೋರಿಗೆ ಇದನ್ನ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಆಶಾ_ತಿತಿಮತಿ (ಮೇ 12, ರಾತ್ರಿ 9.25)

ನಾನು ಆಶಾ ಕಾರ್ಯಕರ್ತೆ, ಹಾಡಿಗಳ (ಆದಿವಾಸಿಗಳ ಊರು) ಕಡೆ ಕೆಲಸ. ಪ್ರೈಮಾಕ್ವಿನ್ ಬಗ್ಗೆ ಎಲ್ಲರೂ ಬರೀತಿದ್ದೀರ, ಒಂದು ಎಚ್ಚರಿಕೆ. ಆ ಮಾತ್ರೆ ಗರ್ಭಿಣಿಯರಿಗೆ ಇಲ್ಲ, ಎಳೆಕೂಸಿಗೆ ಇಲ್ಲ. ಜಿ6ಪಿಡಿ ಅನ್ನೋ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರೋರಿಗೂ ಆಗಲ್ಲ, ರಕ್ತದ ಕಣ ಒಡೆದುಹೋಗುತ್ತೆ. ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಥರ ಕಪ್ಪಗೆ ಹೋದ್ರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಆಗೋದಾದ್ರೆ ಮೊದಲೇ ಜಿ6ಪಿಡಿ ಪರೀಕ್ಷೆ ಮಾಡಿಸಿಬಿಡಿ. ಹದಿನಾಲ್ಕು ದಿನದ ಬದಲು ಒಂದೇ ದಿನ ನುಂಗೋ ಟಾಫೆನೋಕ್ವಿನ್ ಅಂತ ಬಂದಿದೆ, 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಆಗಿದ್ದು, ಆದ್ರೆ ಅದಕ್ಕೂ ಈ ಪರೀಕ್ಷೆ ಆಗಲೇಬೇಕು ಅಂತ ತರಬೇತಿಯಲ್ಲಿ ಸಾರ್ ಹೇಳಿದ್ರು.

ನಮ್ಮ ಹಾಡಿಗಳಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗೋ ಹುಟ್ಟುಗುಣ) ಪರೀಕ್ಷೆ ಮಾಡ್ತಾರಲ್ಲ, ಅದಕ್ಕೂ ಮಲೇರಿಯಾಕ್ಕೂ ನಂಟು ಇದೆಯಂತೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಆ ಗುಣ ಬಂದಿದ್ರೆ ಫಾಲ್ಸಿಪ್ಯಾರಂ ಜೋರಾಗಿ ಕಾಡಲ್ಲ. ಇಬ್ಬರಿಂದಲೂ ಬಂದ್ರೆ ಸಿಕಲ್ ಸೆಲ್ ಕಾಯಿಲೆ. ನೀಲಗಿರಿಯ ಬುಡಕಟ್ಟಿನವರಲ್ಲಿ ಇದನ್ನ 1952ರಲ್ಲೇ ಕಂಡಿದ್ರಂತೆ. ತಲೆತಲಾಂತರದಿಂದ ಈ ಕಾಡಲ್ಲಿ ಜ್ವರದ ಜೊತೆ ಬದುಕಿದವರ ರಕ್ತದಲ್ಲೇ ಅದರ ಗುರುತು ಉಳಿದಿದೆ.

ರೋಬಸ್ಟಾ ಅಣ್ಣ, ನಿಮ್ಮ ಲೈನ್‌ಗೆ ನಿಮ್ಮ ಕಡೆಯ ಆಶಾ ಬಂದ್ರಾ?

ರೋಬಸ್ಟಾ_ತೋಟ (ಮೇ 12, ರಾತ್ರಿ 10.20)

ಬಂದಿದ್ರು ಅಕ್ಕ. ಮಧ್ಯಾಹ್ನ ಆಶಾ ಅವರೂ, ಆರೋಗ್ಯ ಇಲಾಖೆಯವರೊಬ್ಬರೂ ಬಂದು ಹನ್ನೊಂದು ಜನದ ಬೆರಳು ಚುಚ್ಚಿದ್ರು. ಸ್ಥಳದಲ್ಲೇ ಕಿಟ್‌ನಲ್ಲಿ ನೋಡಿ ಹನ್ನೊಂದೂ ನೆಗೆಟಿವ್ ಅಂದ್ರು. ಸ್ಲೈಡನ್ನೂ ಮಾಡಿಕೊಂಡು ಹೋದ್ರು. ನನ್ನ ಮಗಳು ಅಳದೆ ಬೆರಳು ಕೊಟ್ಟಳು, ನಾನೇ ಆಚೆ ನೋಡ್ದೆ. ಹುಡುಗನ ಜಿ6ಪಿಡಿ ಪರೀಕ್ಷೆಗೂ ಬೆಳಿಗ್ಗೆಯೇ ರಕ್ತ ಕೊಟ್ಟಿದ್ವಿ, ಸಂಜೆಗೆ ಸರಿ ಇದೆ ಅಂತ ಬಂತು. ರಾತ್ರಿ ಊಟ ಆದ ಮೇಲೆ ಮೊದಲ ಮಾತ್ರೆ ನುಂಗಿಸಿ ಬಂದೆ.

ಒಂದು ಪ್ರಶ್ನೆ. ಕಿಟ್ ಇದ್ದ ಮೇಲೆ ಸ್ಲೈಡ್ ಯಾಕೆ?

ಸ್ಲೈಡ್_ಅಕ್ಕ (ಮೇ 12, ರಾತ್ರಿ 10.45)

ಆಹಾ, ನನ್ನ ಕೆಲಸಕ್ಕೇ ಕೈ ಹಾಕಿದ್ರಲ್ಲ! ಕಿಟ್ ಪರೋಪಜೀವಿ ಬಿಟ್ಟುಹೋದ ಪ್ರೋಟೀನ್ ಹುಡುಕುತ್ತೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಉತ್ತರ, ಕರೆಂಟ್ ಬೇಡ, ಹಾಡಿಗೂ ಹೊತ್ತೊಯ್ಯಬಹುದು. ಆದ್ರೆ ರಕ್ತದಲ್ಲಿ ಬಹಳ ಕಡಿಮೆ ಇದ್ರೆ ತಪ್ಪಿಸಿಕೊಳ್ಳುತ್ತೆ. ಫಾಲ್ಸಿಪ್ಯಾರಂ ವಾಸಿಯಾದ ಮೇಲೂ ಕೆಲವು ವಾರ ಪಾಸಿಟಿವ್ ತೋರಿಸ್ತಾನೇ ಇರುತ್ತೆ, ಪ್ರೋಟೀನ್ ಬೇಗ ಕರಗಲ್ಲ. ಸ್ಲೈಡ್‌ನಲ್ಲಿ ನಾವು ಕಣ್ಣಾರೆ ಪರೋಪಜೀವಿಯನ್ನೇ ನೋಡ್ತೀವಿ, ಎಷ್ಟಿದೆ ಅಂತ ಎಣಿಸ್ತೀವಿ. ನಮ್ಮಲ್ಲಿ ಹಾಕೋ ಬಣ್ಣಕ್ಕೆ ಜೆಎಸ್‌ಬಿ ಅಂತಾರೆ. ಜಸ್ವಂತ್ ಸಿಂಗ್, ಭಟ್ಟಾಚಾರ್ಜಿ ಅನ್ನೋ ನಮ್ಮವರೇ 1944ರಲ್ಲಿ ಮಾಡಿದ್ದು. ನೀರಲ್ಲೇ ಕರಗುತ್ತೆ, ಅಗ್ಗ, ಬೇಗ. ಇದರ ಬಗ್ಗೆ ಯಾರೂ ಹೇಳೋದೇ ಇಲ್ಲ ಅಂತ ನನಗೊಂದು ಕೊರಗು.

ಮಂಗ್ಳೂರು_ಮಾವ (ಮೇ 13, ಬೆಳಿಗ್ಗೆ 7.30)

ನಮ್ಮ ಮಂಗಳೂರಿನ ಕತೆ ಬೇರೆ ಮಾರಾಯ್ರೇ. ನಮ್ಮಲ್ಲಿ ತೋಡಿನ ಸೊಳ್ಳೆ ಅಲ್ಲ, ಬಿಲ್ಡಿಂಗ್ ಸೊಳ್ಳೆ. ಅನಾಫಿಲಿಸ್ ಸ್ಟೀಫೆನ್ಸಿ. ಬಾವಿ, ಓವರ್‌ಹೆಡ್ ಟ್ಯಾಂಕ್, ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಎಲ್ಲಾದರೂ ಸೈ. ಒಂದು ಕಾಲದಲ್ಲಿ ಬೀದಿಗೊಂದು ಮಲೇರಿಯಾ ಇತ್ತು. ಕಟ್ಟಡ ಕಟ್ಟುವವರ ಹಿಂದೆ ಬಿದ್ದು, ಕೆಲಸಗಾರರ ರಕ್ತ ಬಿಡದೆ ಪರೀಕ್ಷೆ ಮಾಡಿ ಈಗ ತುಂಬಾ ಇಳಿದಿದೆ. ರೋಬಸ್ಟಾದವರೇ, ನಿಮ್ಮ ಲೈನ್‌ನಲ್ಲಿ ನೀರು ಹಿಡಿದಿಡುವ ಡ್ರಮ್, ಸಿಮೆಂಟ್ ತೊಟ್ಟಿ ನೋಡಿ. ಗಪ್ಪಿ ಇಲ್ಲವೇ ಗಂಬೂಸಿಯಾ ಮೀನು ತಂದು ಬಿಡಿ, ಲಾರ್ವಾ ಎಲ್ಲ ತಿಂದು ಖಾಲಿ ಮಾಡುತ್ತದೆ. ತೋಟದ ಕೆರೆಗೂ ಬಿಡಿ.

ಕಾವೇರಿ_ಕುಡಿ (ಮೇ 13, ಬೆಳಿಗ್ಗೆ 8.05)

ಕೆರೆಗೆ ಬೇಡ ಮಾವ, ದಯವಿಟ್ಟು! ಗಂಬೂಸಿಯಾ ಅಮೆರಿಕದ ಮೀನು, 1928ರಲ್ಲಿ ಇಟಲಿಯಿಂದ ಇಲ್ಲಿಗೆ ತಂದದ್ದು. ಸೊಳ್ಳೆಮರಿ ತಿನ್ನೋದು ಹೌದು, ಆದ್ರೆ ಕಪ್ಪೆಮೊಟ್ಟೆ, ಗೊದಮೊಟ್ಟೆ, ನಮ್ಮ ಊರ ಮೀನಿನ ಮರಿ ಯಾವುದನ್ನೂ ಬಿಡಲ್ಲ. ನಮ್ಮ ತೋಡಿನ ಎಷ್ಟೋ ಕಪ್ಪೆಗಳು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ತೋಟದ ಕೆರೆ ಮಳೆಗಾಲದಲ್ಲಿ ಉಕ್ಕಿ ತೋಡಿಗೆ ಸೇರುತ್ತೆ, ತೋಡು ಕಾವೇರಿಗೆ. ಒಮ್ಮೆ ಬಿಟ್ರೆ ವಾಪಸ್ ಹಿಡಿಯೋಕಾಗಲ್ಲ. ತಲೆ ಮೇಲೆ ಬೆಳ್ಳಿ ಚುಕ್ಕೆ ಹೊಳೆಯೋ ಸಣ್ಣ ಮೀನು ನಮ್ಮ ಗದ್ದೆ ಕಾಲುವೆಯಲ್ಲೇ ಇದೆ, ನೀರ ಮೇಲ್ಮೈಯಲ್ಲೇ ಈಜುತ್ತೆ, ಅದೂ ಸೊಳ್ಳೆಮರಿ ತಿನ್ನುತ್ತೆ.

ಮಂಗ್ಳೂರು_ಮಾವ (ಮೇ 13, ಬೆಳಿಗ್ಗೆ 8.40)

ಕೋಲಾರದ ಕಡೆ ಹಳ್ಳಿಯ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ಇಳಿಸಿದ್ದಾರೆ, ಮಲೇರಿಯಾ ಸಂಶೋಧನಾ ಸಂಸ್ಥೆಯವರೇ. ಸುಮ್ಮನೆ ಹೇಳಿದ್ದಲ್ಲ ನಾನು.

ಕಾವೇರಿ_ಕುಡಿ (ಮೇ 13, ಬೆಳಿಗ್ಗೆ 8.52)

ಅದು ಗೊತ್ತು. ಕೋಲಾರದ ಬಾವಿ ಎಲ್ಲಿಗೂ ಹರಿದು ಹೋಗಲ್ಲ, ನಮ್ಮ ಕೆರೆ ಹೋಗುತ್ತೆ. ನನ್ನ ತಕರಾರು ಅಷ್ಟೇ. ಸಿಮೆಂಟ್ ತೊಟ್ಟಿಗೆ ಬೇಕಾದ್ರೆ ಬಿಡಲಿ. ಡ್ರಮ್‌ಗೆ ಮೀನೂ ಬೇಡ, ಬಟ್ಟೆ ಕಟ್ಟಿದ್ರೆ ಸಾಕು.

ಹಳೇ_ರೈಟರ್ (ಮೇ 13, ಬೆಳಿಗ್ಗೆ 11.00)

ಡ್ರಮ್ಮಿನ ಮಾತು ಬಂತಲ್ಲ. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ಡಾಕ್ಟರು. ಬಂಗಲೆಯಲ್ಲಿ ಸೊಳ್ಳೆ ಕಾಟ. ನೋಡಿದರೆ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿವೆ. ಮಗುಚಿದರು, ಸೊಳ್ಳೆ ಕಡಿಮೆಯಾಯಿತು. ಅಧಿಕಾರಿಗಳ ಮೆಸ್ಸಿನಲ್ಲೂ ಹೀಗೆ ಮಾಡೋಣ ಎಂದರೆ ಮೇಲಿನವನೊಬ್ಬ ಒಪ್ಪಲಿಲ್ಲವಂತೆ, ಪ್ರಕೃತಿಯ ನಿಯಮ ಕೆಡಿಸಬಾರದು ಎಂದು! ಮಲೇರಿಯಾಕ್ಕೂ ಸೊಳ್ಳೆಗೂ ನಂಟಿದೆಯೆಂದು ಆ ಹೊತ್ತಿಗೆ ರಾಸ್‌ಗೂ ಗೊತ್ತಿರಲಿಲ್ಲ. 1897ರಲ್ಲಿ ಊಟಿಯಿಂದ ಸೀಗೂರು ಘಾಟಿಗೆ ಇಳಿದಾಗ ಅವರಿಗೇ ಮಲೇರಿಯಾ ಹಿಡಿಯಿತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಪರೋಪಜೀವಿಯನ್ನು ಕಂಡರು.

ಆಶಾ_ತಿತಿಮತಿ (ಮೇ 13, ಮಧ್ಯಾಹ್ನ 12.20)

ಡ್ರಮ್, ತೊಟ್ಟಿ ಎಲ್ಲಾ ಸರಿ, ನಮ್ಮ ಕಡೆ ಕಚ್ಚಿಸ್ಕೊಳ್ಳೋರು ಯಾರು ಗೊತ್ತಾ? ಜನವರಿ ಫೆಬ್ರವರಿಯಲ್ಲಿ ಕಣದಲ್ಲಿ ಕಾಫಿ ಕಾಯೋರು, ಆನೆ ಓಡಿಸೋಕೆ ಗದ್ದೆ ಅಟ್ಟಣೆಯಲ್ಲಿ ಮಲಗೋರು. ಮಲೇರಿಯಾ ಸೊಳ್ಳೆ ಕಚ್ಚೋದು ರಾತ್ರಿ. ಸೊಳ್ಳೆಪರದೆ ಮನೆಯೊಳಗೆ ಮಂಚದ ಮೇಲೆ ಇರುತ್ತೆ, ಮನುಷ್ಯ ಕಣದಲ್ಲಿ ಇರ್ತಾನೆ. ಕಣಕ್ಕೂ ಒಂದು ಪರದೆ ಕೊಡಿ ಅಂತ ತೋಟದವರಿಗೆ ಹೇಳಿ ಹೇಳಿ ಸಾಕಾಯ್ತು. ಔಷಧಿ ಸೇರಿಸಿ ನೇಯ್ದ ಪರದೆ ಸಿಗುತ್ತೆ, ಸೊಳ್ಳೆ ಕೂತ್ರೆ ಸಾಯುತ್ತೆ, ಒಗೆದ್ರೂ ಗುಣ ಹೋಗಲ್ಲ. ಒಡಿಶಾದಲ್ಲಿ ಅದನ್ನ ಮನೆಮನೆಗೆ ಹಂಚಿದ್ರು, ಗುಡ್ಡಗಾಡಿನ ಊರುಗಳಲ್ಲಿ ಜ್ವರ ಇಲ್ಲದವರದ್ದೂ ರಕ್ತ ನೋಡಿ ಮಾತ್ರೆ ಕೊಟ್ರು. 2017ರಿಂದ ಅಲ್ಲಿ ಮಲೇರಿಯಾ ಧಡ್ ಅಂತ ಇಳೀತು.

ಇನ್ನೊಂದು. ಈಗ ಮಳೆ ಶುರುವಾದ್ರೆ ಜ್ವರ ಎಲ್ಲಾ ಒಂದೇ ಥರ ಕಾಣುತ್ತೆ. ಡೆಂಗ್ಯೂ ಇರಬಹುದು, ಇಲಿಜ್ವರ ಇರಬಹುದು. ಚಳಿ ಬಂತು ಅಂತ ನೀವೇ ಮಲೇರಿಯಾ ಅಂದ್ಕೋಬೇಡಿ, ಚಳಿ ಇಲ್ಲ ಅಂತ ಅಲ್ಲ ಅಂತಲೂ ಅಂದ್ಕೋಬೇಡಿ.

ಮಡಿಕೇರಿ_ಮಂಜು (ಮೇ 13, ಮಧ್ಯಾಹ್ನ 3.15)

ನಾವು ಮಡಿಕೇರಿಯವರು ಸೇಫ್ ತಾನೇ? ಇಲ್ಲಿ ಚಳಿಗೆ ಸೊಳ್ಳೆಯೇ ಇರಲ್ಲ.

ಕಾವೇರಿ_ಕುಡಿ (ಮೇ 13, ಸಂಜೆ 4.00)

ಸೊಳ್ಳೆ ಇರುತ್ತೆ, ಅದರ ಹೊಟ್ಟೆಯೊಳಗೆ ಪರೋಪಜೀವಿ ಬಲಿಯಲ್ಲ. 25 ಡಿಗ್ರಿ ಆಸುಪಾಸಲ್ಲಿ ಹತ್ತು ಹನ್ನೆರಡು ದಿನ ಬೇಕು, ಸೆಕೆ ಕಡಿಮೆ ಆದಷ್ಟೂ ಎಳೆಯುತ್ತೆ, ವೈವಾಕ್ಸ್‌ಗೆ ಸುಮಾರು 16 ಡಿಗ್ರಿ, ಫಾಲ್ಸಿಪ್ಯಾರಂಗೆ 18ಕ್ಕಿಂತ ಕೆಳಗೆ ನಿಂತೇಹೋಗುತ್ತೆ. ಅಷ್ಟರಲ್ಲಿ ಸೊಳ್ಳೆಯ ಆಯಸ್ಸು ಮುಗಿದಿರುತ್ತೆ. ಆದ್ರೆ ಈಚೆಗೆ ಮಡಿಕೇರಿಯಲ್ಲೂ ಏಪ್ರಿಲ್‌ನಲ್ಲಿ ಫ್ಯಾನ್ ಹಾಕ್ತಿದ್ದೀರಲ್ಲ?

ಮಡಿಕೇರಿ_ಮಂಜು (ಮೇ 13, ಸಂಜೆ 4.06)

ಹಾಕ್ತೀವಿ. 😐

ರೋಬಸ್ಟಾ_ತೋಟ (ಮೇ 26, ರಾತ್ರಿ 8.30)

ಎಲ್ಲರಿಗೂ ಒಂದು ಅಪ್ಡೇಟ್. ನಿನ್ನೆ ರಾತ್ರಿಗೆ ಹದಿನಾಲ್ಕು ಮಾತ್ರೆ ಮುಗೀತು. ಲೈನ್ ಮನೆ ಬಾಗಿಲ ಪಕ್ಕ ಇದ್ದಿಲಲ್ಲಿ ಗೀಟು ಎಳೀತಾ ಬಂದ್ವಿ, ರೈಟರ್ ಅಂಕಲ್ ಹೇಳಿದ ಡಿಡಿಟಿಯವರ ಹಾಗೆ. ನಡುವೆ ಒಂಬತ್ತನೇ ದಿನ ಹೊಟ್ಟೆ ಉರಿ ಅಂದ. ಅವತ್ತು ನಮ್ಮ ಅಮ್ಮ ಎರಡು ಸೌಟು ಜಾಸ್ತಿ ಅನ್ನ ಬಡಿಸಿ, ಎದುರಿಗೇ ಕೂತು ನುಂಗಿಸಿದ್ರು. ಅಮ್ಮನಿಗೆ ಹಿಂದಿ ಬರಲ್ಲ, ಅವನಿಗೆ ಕನ್ನಡ ಅಷ್ಟಕ್ಕಷ್ಟೇ, ಆದ್ರೂ ನುಂಗಿದ. ಲೈನ್‌ನವರ ಸ್ಲೈಡ್ ಎಲ್ಲಾ ನೆಗೆಟಿವ್. ಡ್ರಮ್ಮಿಗೆ ಬಟ್ಟೆ ಕಟ್ಟಿಸಿದೆ, ಕಣಕ್ಕೆ ಎರಡು ಪರದೆ ತಂದಿಟ್ಟೆ, ಕೆರೆಗೆ ಏನೂ ಬಿಟ್ಟಿಲ್ಲ.

ಜೂನ್ ಮೊದಲ ವಾರ ಅವನು ಊರಿಗೆ ಹೋಗ್ತೀನಿ ಅಂತಿದ್ದಾನೆ. ಕಳಿಸಬಹುದಾ?

ಸ್ಲೈಡ್_ಅಕ್ಕ (ಮೇ 26, ರಾತ್ರಿ 9.15)

ಅಮ್ಮನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ. 28ನೇ ದಿನ ಮತ್ತೊಂದು ಸ್ಲೈಡ್ ನೋಡಿದ್ರೆ ಒಳ್ಳೇದು, ಲೆಕ್ಕಕ್ಕೆ ಜೂನ್ 9 ಬರುತ್ತೆ. ಟಿಕೆಟ್ ಮಾಡಿಸಿಲ್ಲ ಅಂದ್ರೆ ಅದು ಮುಗಿಸ್ಕೊಂಡು ಹೋಗಲಿ. ಮಾಡಿಸಿಬಿಟ್ಟಿದ್ರೆ ಎರಡೂ ಸಲದ ಚೀಟಿ ಅವನ ಕೈಗೆ ಕೊಟ್ಟು ಕಳಿಸಿ, ಅಲ್ಲಿ ಜ್ವರ ಬಂದ್ರೆ ತೋರಿಸಲಿ. ಇಲ್ಲೇ ಇದ್ರೆ 9ನೇ ತಾರೀಕು ಮಳೆ ಅಂತ ಕೂರಬೇಡಿ, ಆಶಾ ಅವರಿಗೆ ಫೋನ್ ಮಾಡಿದ್ರೆ ಲೈನ್‌ಗೇ ಬಂದು ಬೆರಳು ಚುಚ್ಚಿಕೊಂಡು ಹೋಗ್ತಾರೆ.